ದಾಟಿಸಿದವರ ಬಟ್ಟಲು

ನನ್ನ ಅತ್ತಿಗೆ ನಿಂಬೆವ್ವನಿಗೆ ಹೊಟ್ಟೆಕಿಚ್ಚು ಜಾಸ್ತಿ ಎಂದು ನಮ್ಮೂರಿನವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಜಾಸ್ತಿ, ಕಡಿಮೆ ಎನ್ನುವುದೆಲ್ಲ ಅಳತೆಗೆ ಸಿಗುವ ವಸ್ತುವಿಗೆ. ಅವಳದು ಅಳತೆಗೆ ಸಿಗುವಂಥದ್ದೇ ಅಲ್ಲ. ಆದರೂ ಅವಳ ಪರವಾಗಿ ಒಂದು ಮಾತು ಹೇಳಲೇಬೇಕು. ನನ್ನ ಅಣ್ಣನಂಥ ಗಂಡನನ್ನು ಕಟ್ಟಿಕೊಂಡರೆ ಯಾರ ಹೊಟ್ಟೆಯಾದರೂ ಉರಿಯುತ್ತಿತ್ತು. ನಾನು ಬರೀ ತಂಗಿ, ನನಗೇ ಎಷ್ಟೋ ಸಲ ಉರಿದಿದೆ.

ಅಣ್ಣ ಬೀರಲಿಂಗಪ್ಪ ಭೀಮಾ ನದಿಯ ಅಂಬಿಗ. ಈಚೆ ದಡದಿಂದ ಅಫಜಲಪುರದ ದಾರಿ, ಆಚೆ ದಡದಿಂದ ಜೇವರ್ಗಿಯ ದಾರಿ, ನಡುವೆ ಇವನ ದೋಣಿ. ಸೇತುವೆ ಎಂಬುದನ್ನು ನಾವ್ಯಾರೂ ಕಂಡಿರಲಿಲ್ಲ. ದೂರದಲ್ಲೆಲ್ಲೋ ಜರ್ಮನಿಯವರ ಯುದ್ಧ ನಡೆದಿತ್ತು, ಅದರ ಸುದ್ದಿಯೂ ಇವನ ದೋಣಿಯಲ್ಲೇ ಹೊಳೆ ದಾಟಿ ಬರಬೇಕಾಗಿತ್ತು. ಸಂತೆಯ ದಿನ ದೋಣಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಮಂದಿ ಬಾಯಿ ಮುಚ್ಚದೆ ಹರಟುತ್ತಿದ್ದರು. ಅಣ್ಣ ಮಾತ್ರ ಬಿದಿರಿನ ಗಳ ಹಾಕಿ ದೋಣಿ ತಳ್ಳುತ್ತ 'ಹೂಂ' ಎನ್ನುತ್ತಿದ್ದ. ಹೌದು ಎನ್ನಲಿಕ್ಕೂ ಹೂಂ, ಅಲ್ಲ ಎನ್ನಲಿಕ್ಕೂ ಹೂಂ. ಮದುವೆಯ ಮಾತುಕತೆಯ ದಿನ ಹುಡುಗಿ ಒಪ್ಪಿಗೆಯೇ ಎಂದು ಹಿರಿಯರು ಕೇಳಿದಾಗಲೂ ಹೂಂ ಎಂದಿದ್ದ. ಅದು ಯಾವ ಹೂಂ ಎಂದು ನಿಂಬೆವ್ವ ಇನ್ನೂ ಯೋಚಿಸುತ್ತಲೇ ಇದ್ದಳು.

ಪುಂಡಿಪಲ್ಯ ಮಾಡಿ ಬಡಿಸಿ ಎದುರಿಗೆ ಕುಳಿತು, "ಹೆಂಗಿತ್ರಿ?" ಎಂದು ಕೇಳುವಳು.

"ಉಂಡ್ನಲ್ಲ," ಎನ್ನುವನು ಅಣ್ಣ.

ಉಂಡದ್ದೇ ಉತ್ತರವಂತೆ. ಅವಳು ಕೈತೊಳೆಯಲು ನೀರು ಕೊಟ್ಟು ಒಳಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಳು. ನಮ್ಮ ಮನೆ ಪಕ್ಕದ್ದೇ ಆದ್ದರಿಂದ ಆ ಸದ್ದಿನಿಂದಲೇ ಅವರ ಊಟ ಮುಗಿಯಿತು ಎಂದು ನನಗೆ ತಿಳಿಯುತ್ತಿತ್ತು.

ಇನ್ನು ಸಾಬವ್ವನ ವಿಷಯ. ಅವಳು ಅತನೂರ ಕಡೆಯ ಈಳಿಗೇರ ಮನೆಯ ವಿಧವೆ. ಈಚೆ ದಡದ ಈಚಲು ಬನದಲ್ಲಿ ಸೇಂದಿ ಇಳಿಸಿ, ಸಂತೆಯ ದಿನ ಗಡಿಗೆಗಳನ್ನು ದೋಣಿಗೇರಿಸಿ ಆಚೆ ದಡದ ತನ್ನ ದುಕಾನಿಗೆ ಒಯ್ಯುತ್ತಿದ್ದಳು. ಗಟ್ಟಿ ಹೆಂಗಸು, ನಗುವ ಮುಖ, ಕೆಂಪು ಕಲ್ಲಿನ ಮೂಗುತಿ. ದೋಣಿ ಕಟ್ಟುವ ನಮ್ಮ ಘಾಟಿನಲ್ಲಿ ಹಿಂದಿನಿಂದ ಒಂದು ಪದ್ಧತಿ. ಕುಡಿಯುವ ಪದಾರ್ಥ ಯಾರೇ ದೋಣಿಗೆ ತಂದರೂ ಮೊದಲ ಬಟ್ಟಲು ಗಂಗವ್ವನಿಗೆ ಎಂದು ಹೊಳೆಗೆ ಸುರಿಯಬೇಕು, ಎರಡನೆಯದನ್ನು ಗಳ ಹಿಡಿದವನಿಗೆ ಕೊಡಬೇಕು. ಅದಕ್ಕೆ ದಾಟಿಸಿದವರ ಬಟ್ಟಲು ಎಂದು ಹೆಸರು. ಅಷ್ಟಾದರೆ ಆ ಗಡಿಗೆಗಳಿಗೆ ಬೇರೆ ಬಾಡಿಗೆ ಇಲ್ಲ. ಸಾಬವ್ವ ತನ್ನ ಕಂಚಿನ ಬಟ್ಟಲನ್ನು ತುಂಬಿ, ಎರಡೂ ಕೈಯಲ್ಲಿ ಹಿಡಿದು ಕೊಡುತ್ತಿದ್ದಳು. ಅಣ್ಣ ಗಳವನ್ನು ಕಂಕುಳಲ್ಲಿ ಒತ್ತಿಕೊಂಡು ಒಂದೇ ಗುಟುಕಿಗೆ ಮುಗಿಸುತ್ತಿದ್ದ.

ನಿಂಬೆವ್ವ ಮದುವೆಯಾದ ಮೇಲೆ ಬಹಳ ಕಾಲ ಸಂತೆಯ ದಿನ ದೋಣಿ ಹತ್ತಿರಲಿಲ್ಲ. ಅವಳ ತವರು ಆಚೆ ದಡದಲ್ಲೇ, ಅವಳೂ ಅಂಬಿಗರ ಮಗಳೇ, ಆದರೆ ಸಂತೆಯ ಗದ್ದಲ ಆಗುವುದಿಲ್ಲ ಎನ್ನುತ್ತಿದ್ದಳು. ದೀಪಾವಳಿ ಮುಗಿದ ಮೇಲೆ ಒಂದು ಸಂತೆಗೆ ನನ್ನ ಜೊತೆ ಹೊರಟಳು. ಅಂದು ತನ್ನ ಕಿವಿಯಾರೆ ಕೇಳಿದಳು.

"ಹೆಂಗದ್ರಿ ಇವತ್ತಿಂದು?" ಎಂದಳು ಸಾಬವ್ವ.

ಅಣ್ಣ ಮೀಸೆ ಒರೆಸಿಕೊಂಡು, "ಚಲೋ ಅದ," ಎಂದ.

ನಿಂಬೆವ್ವ ನನ್ನ ರಟ್ಟೆ ಹಿಡಿದಳು. ಉಗುರು ನಾಟಿತು.

"ಕೇಳಿದ್ಯಾ ರೇವಮ್ಮ? ಚಲೋ ಅದ ಅಂತ! ನಿಮ್ಮಣ್ಣಗ ಆ ಮಾತು ಬರ್ತದ ಅಂತ ನಂಗ ಗೊತ್ತೇ ಇದ್ದಿಲ್ಲ ನೋಡು. ಮೂಕ ಅಂತ ತಿಳ್ಕೊಂಡು ಸಂಸಾರ ಮಾಡಾಕತ್ತಿದ್ದೆ."

"ಸೇಂದಿಗಿ ಅಂದಾನ ಬೇ, ಆಕಿಗಿ ಅಂದಿಲ್ಲ," ಎಂದೆ.

"ಸೇಂದಿ ತಾನ ನಡಕೋತ ಬಂದು ದೋಣಿ ಹತ್ತೇತೇನು?"

ಅಂದಿನಿಂದ ಅವಳಿಗೆ ಬೇರೆ ಯೋಚನೆಯೇ ಇಲ್ಲ. ರೊಟ್ಟಿ ಬಡಿಯುವಾಗಲೂ ಸಾಬವ್ವ, ಹೊಳೆಗೆ ಹೋದಾಗಲೂ ಸಾಬವ್ವ. ಅವಳ ಮೂಗುತಿ ಹೊಸದೇ, ಹಳೆಯದೇ? ಬಟ್ಟಲು ಕೊಡುವಾಗ ಬೆರಳು ತಾಗುತ್ತದೆಯೇ, ಇಲ್ಲವೇ? ಗಂಡ ತನ್ನ ಕೈ ಜಾರಿ ಹೋಗುತ್ತಿದ್ದಾನೆ ಎಂದು ಅವಳು ನಿಜವಾಗಿಯೂ ನಂಬಿದ್ದಳು. ಅವಳ ಮುಖ ನೋಡಿದರೆ ನಗು ಬರುತ್ತಿತ್ತು, ನೋಡುತ್ತ ಕುಳಿತರೆ ಪಾಪ ಎನ್ನಿಸುತ್ತಿತ್ತು.

ಮುಂದಿನ ಸಂತೆಗೆ ಅವಳು ಒಂದು ಹೊಸ ಕಾಯಿದೆ ಮಾಡಿದಳು. ಯಾರೂ ತಮ್ಮ ಕುಡಿತ ತಾವು ದೋಣಿಗೆ ತಂದು ಬಿಚ್ಚುವಂತಿಲ್ಲ. ಕುಡಿಯುವುದಿದ್ದರೆ ದೋಣಿಯದನ್ನೇ ಕುಡಿಯಬೇಕು. ದೋಣಿಯದು ಎಂದರೆ, ನಮ್ಮೂರ ದುಕಾನಿನ ದತ್ತಪ್ಪನಿಂದ ತಂದ ಒಂದು ಗಡಿಗೆ. ಅದನ್ನು ದೋಣಿಯ ನಡುವೆ ಇಟ್ಟುಕೊಂಡು, ಹೊಸ ಸೀರೆ ಉಟ್ಟು, ತಾನೇ ಬಟ್ಟಲು ಹಿಡಿದು ಕುಳಿತಳು. ಸಾಬವ್ವ ತನ್ನ ಗಡಿಗೆಗಳ ಪಕ್ಕದಲ್ಲಿ ಕುಳಿತು ನೋಡುತ್ತಿದ್ದಳು.

ದತ್ತಪ್ಪನ ಸೇಂದಿಯನ್ನು ನಾನು ಹೇಗೆ ವರ್ಣಿಸಲಿ? ಹಿಂದಿನ ದಿನದ್ದೋ ಅದರ ಹಿಂದಿನ ದಿನದ್ದೋ. ಹತ್ತಿಯ ದಲಾಲಿ ಬಸವಂತರಾಯ ಒಂದು ಗುಟುಕು ಬಾಯಿಗೆ ಹಾಕಿ ಹೊಳೆಗೇ ಉಗುಳಿಬಿಟ್ಟ.

"ಅವ್ವಾ, ಇದು ಸೇಂದಿ ಅಲ್ಲ, ಹುಣಸಿ ಹುಳಿ. ಅನ್ನ ಇದ್ರ ತಾ, ಕಲಸ್ಕೊಂಡು ಉಣ್ತೇನಿ."

ದೋಣಿಗೆ ದೋಣಿಯೇ ನಕ್ಕಿತು. ಕುಡಿಯದ ಬಳೆಗಾರ ಹಸನಸಾಬನೂ ನಕ್ಕ. ನಿಂಬೆವ್ವ ಯಾರ ಕಡೆಗೂ ನೋಡಲಿಲ್ಲ. ಬಟ್ಟಲು ತುಂಬಿಕೊಂಡು ಎದ್ದು ಹೋಗಿ ಗಂಡನ ಮುಂದೆ ಹಿಡಿದಳು. ಅಣ್ಣ ಕುಡಿದ. ಪಾಪ, ಪೂರ್ತಿ ಕುಡಿದ. ಅವಳ ಕಣ್ಣು ಅವನ ಬಾಯಿಯ ಮೇಲೆಯೇ ಇತ್ತು.

"ಹೂಂ," ಎಂದ ಅಣ್ಣ.

ನನಗೆ ಅವನನ್ನು ಅಲ್ಲಿಯೇ ಹೊಳೆಗೆ ದೂಡಬೇಕು ಎನ್ನಿಸಿತು. ಸುಳ್ಳಾದರೂ ಹೇಳಬಾರದಿತ್ತೇ? ನಿಂಬೆವ್ವ ಉಳಿದ ಸೇಂದಿಯನ್ನೆಲ್ಲ ಹೊಳೆಗೆ ಸುರಿದು ಸೆರಗು ಎಳೆದುಕೊಂಡು ಕುಳಿತಳು. ಆ ರಾತ್ರಿ ಅವರ ಮನೆಯಲ್ಲಿ ಒಲೆ ಹತ್ತಲಿಲ್ಲ.

ಮನೆಯೊಳಗೆ ಏನು ನಡೆಯಿತೋ, ಮುಂದಿನ ಸಂತೆಗೆ ಕಾಯಿದೆ ಬದಲಾಗಿತ್ತು. ಗಡಿಗೆ ತರಬಹುದು, ಆದರೆ ಬಾಯಿ ಕಟ್ಟಿಯೇ ತರಬೇಕು. ಅರಿವೆ ಬಿಗಿದು, ಮೇಲೆ ಜಿಗುಟು ಮಣ್ಣು ಮೆತ್ತಿ, ಹಗ್ಗದಿಂದ ಕಟ್ಟಬೇಕು. ಆಚೆ ದಡ ಮುಟ್ಟುವವರೆಗೆ ಬಿಚ್ಚಕೂಡದು. ಮೊದಲ ಬಟ್ಟಲು ಇಲ್ಲ, ಎರಡನೆಯ ಬಟ್ಟಲೂ ಇಲ್ಲ. ಗಂಗವ್ವನ ಪಾಲನ್ನೂ ಕಿತ್ತುಕೊಂಡ ಮೊದಲ ಹೆಂಗಸು ನನ್ನ ಅತ್ತಿಗೆಯೇ ಇರಬೇಕು.

ಘಾಟಿನಲ್ಲಿ ಸಾಬವ್ವ ಕೈಮುಗಿದು ಹೇಳಿದಳು.

"ನಿಂಬೆವ್ವ, ಸೇಂದಿಗಿ ಉಸುರು ಬೇಕವ್ವ. ಅದಕ್ಕ ನಾವು ಬಾಯಿಗಿ ಬರೇ ಬೇವಿನ ತಪ್ಪಲ ಇಟ್ಟಿರ್ತೇವಿ. ಬಿಗಿದು ಕಟ್ಟಿದ್ರ ಒಳಗೊಳಗ ಉಕ್ಕಿ ಗಡಿಗಿ ಒಡಿತದ."

"ನಿನ್ನ ಸೇಂದಿ ಏನು, ನಿನ್ನ ಹುನ್ನಾರ ಏನು, ನಂಗ ಗೊತ್ತಿಲ್ಲೇನು? ಬಿಚ್ಚಾಕ ಒಂದು ನೆವ ಬೇಕು ನಿಂಗ."

ಸಾಬವ್ವ ನನ್ನ ಅಣ್ಣನ ಮುಖ ನೋಡಿದಳು. ಅಣ್ಣ ಗಳದ ತುದಿ ನೋಡಿದ. ಆ ಹೊತ್ತಿನಲ್ಲಿ ಬೇರೆ ದೋಣಿ ಇಲ್ಲ, ಇನ್ನೊಂದು ಘಾಟು ದೂರ.

"ಆಯ್ತು ಬಿಡು. ನಿಮ್ಮ ದೋಣಿ, ನಿಮ್ಮ ಮಾತು," ಎಂದು ಅವಳೇ ಕುಳಿತು ಮಣ್ಣು ಕಲಸಿ ಗಡಿಗೆಗಳ ಬಾಯಿ ಮೆತ್ತಿದಳು. ಮೆತ್ತುವಾಗ ಅವಳ ಮುಖದಲ್ಲಿ ಎಂದಿನ ನಗುವಿರಲಿಲ್ಲ.

ಅಂದು ದೋಣಿ ಬೇಗ ಬಿಡಲಿಲ್ಲ. ಹಸನಸಾಬ ತನ್ನ ತಟ್ಟು ಕುದುರೆಯ ಮೇಲೆ ಬಳೆಯ ಹೇರು ಹಾಕಿಕೊಂಡು ಬರುವವನಿದ್ದ, ಅವನಿಗಾಗಿ ಕಾದೆವು. ಬಿಸಿಲು ಏರಿತು. ಮೆತ್ತಿದ ಮಣ್ಣು ಒಣಗಿ ಬೆಳ್ಳಗಾಯಿತು. ಕೊನೆಗೆ ಹಸನಸಾಬ ಬಂದ, ಹೊರಟೆವು. ದಡ ಹತ್ತಿರವಾದಾಗ ಹಗ್ಗ ಎಸೆಯುವ ಕೆಲಸವನ್ನೂ ಈಗ ನಿಂಬೆವ್ವನೇ ಹಿಡಿದಿದ್ದಳು, ಹಾಗಾಗಿ ಅವಳು ದೋಣಿಯ ಮುಂದಿನ ತುದಿಯಲ್ಲಿ. ನಾನು ನಡುವೆ, ಕುದುರೆಯ ಪಕ್ಕ. ಗಡಿಗೆಗಳೂ ಸಾಬವ್ವನೂ ಹಿಂದೆ, ಗಳ ಹಾಕುವ ಅಣ್ಣನ ಕಾಲ ಬಳಿ. ನಿಂಬೆವ್ವ ಹೊಳೆಯ ಕಡೆ ಮುಖ ಮಾಡಿ ಕುಳಿತಿದ್ದಳೇ ಹೊರತು ಅವಳ ಜೀವವೆಲ್ಲ ಹಿಂದೆಯೇ ಇತ್ತು.

ನಡುಹೊಳೆ ದಾಟಿ ಆಚೆಯ ಮರಳದಿಬ್ಬ ಕಾಣತೊಡಗಿತ್ತು. ಗಡಿಗೆಗಳಿಂದ ಸುಂಯ್ ಎಂಬ ಸದ್ದು ಬಂತು. ಒಣಗಿದ ಮಣ್ಣಿನಲ್ಲಿ ಬಿರುಕು ಕಾಣಿಸಿತು.

"ಬಿಚ್ರಿ, ಬಾಯಿ ಬಿಚ್ರಿ, ಒಡಿತಾವು!" ಎಂದು ಸಾಬವ್ವ ಕೂಗಿ ಹಗ್ಗಕ್ಕೆ ಕೈ ಹಾಕಿದಳು.

"ಕೈ ತಗಿ! ದಡ ಮುಟ್ಟೂತನಕ ಬಿಚ್ಚಂಗಿಲ್ಲ!" ಎಂದು ನಿಂಬೆವ್ವ ಮುಂದಿನಿಂದಲೇ ಕೂಗಿದಳು.

ಢಂ ಎಂದಿತು. ನಾನು ಯಾರೋ ಬಂದೂಕು ಹಾರಿಸಿದರು ಎಂದುಕೊಂಡೆ. ಒಂದು ಗಡಿಗೆ ಚೂರಾಗಿ ಸೇಂದಿ ನೊರೆನೊರೆಯಾಗಿ ಎಲ್ಲರ ಮೇಲೆ ಎರಚಿತು. ಅದರ ಬೆನ್ನಿಗೇ ಇನ್ನೊಂದು. ಕುದುರೆ ಮುಂಗಾಲು ಎತ್ತಿ ನಿಂತಿತು, ಬಳೆಯ ಹೇರು ಕಳಚಿ ಬಿತ್ತು, ಮಂದಿಯೆಲ್ಲ ಒಂದೇ ಮಗ್ಗುಲಿಗೆ ಸರಿದರು. ದೋಣಿ ವಾಲಿತು, ಮುಳುಗಲಿಲ್ಲ. ಆದರೆ ಹಿಂದಿನ ತುದಿಯಲ್ಲಿ ಎದ್ದು ನಿಂತಿದ್ದ ಸಾಬವ್ವ ಹೊಳೆಗೆ ಬಿದ್ದಳು. ಅವಳಿಗೆ ಈಜು ಬರುತ್ತಿರಲಿಲ್ಲ.

ನಾನು ಕುದುರೆಯ ಹಗ್ಗಕ್ಕೆ ಜೋತುಬಿದ್ದು ಕಣ್ಣು ಮುಚ್ಚಿಬಿಟ್ಟೆ. ಕುದುರೆಯ ಕೆನೆತ, ಮಂದಿಯ ಚೀರಾಟದಲ್ಲಿ ಬೇರೇನೂ ಕೇಳಿಸುವಂತಿರಲಿಲ್ಲ. ಮುಚ್ಚುವ ಮೊದಲು ಕಂಡದ್ದು ಇಷ್ಟು. ಅಣ್ಣ ಗಳ ಬಿಟ್ಟು ನೀರಿನ ಕಡೆ ಬಾಗಿದ್ದ. ಅವನು ಜಿಗಿಯುವ ಮೊದಲೇ ಮುಂದಿನ ತುದಿಯಿಂದ ನಿಂಬೆವ್ವ ಜಿಗಿದಿದ್ದಳು. ಕಣ್ಣು ತೆರೆದಾಗ ಅವಳು ಸಾಬವ್ವನ ತುರುಬು ಹಿಡಿದು ಎಳೆಯುತ್ತ ಮರಳದಿಬ್ಬದ ಕಡೆ ಈಜುತ್ತಿದ್ದಳು. ಅಣ್ಣ ಅವರಿಂದ ಸ್ವಲ್ಪ ದೂರದಲ್ಲಿ ನೀರು ಕುಡಿದು ಕೆಮ್ಮುತ್ತಿದ್ದ. ಯಾರೋ ಗಳ ಹಿಡಿದು ದೋಣಿಯನ್ನು ದಿಬ್ಬಕ್ಕೆ ಹಚ್ಚಿದರು. ಹಸನಸಾಬ ಬಳೆಗಳಿಗಾಗಿ ತಲೆ ತಲೆ ಬಡಿದುಕೊಳ್ಳುತ್ತಿದ್ದ.

ಸಾಬವ್ವ ಕುಡಿದ ನೀರನ್ನೆಲ್ಲ ಕಾರಿ ಕಣ್ಣು ಬಿಟ್ಟಳು. ಮಂದಿ ನಿಂಬೆವ್ವನನ್ನು ಸುತ್ತುವರಿದರು.

"ಏನ್ ಕರಳವ್ವ ನಿಂದು! ನಾ ಏನೇನೋ ತಿಳ್ಕೊಂಡಿದ್ದೆ," ಎಂದು ಬಸವಂತರಾಯ ಕೈಮುಗಿದ.

ನಿಂಬೆವ್ವ ಸೀರೆ ಹಿಂಡುತ್ತ ತಲೆ ತಗ್ಗಿಸಿದಳು. ನನ್ನೊಬ್ಬಳ ಹತ್ತಿರ ಮಾತ್ರ ಆಮೇಲೆ ಖರೆ ಹೇಳಿದಳು.

"ಕರಳೂ ಇಲ್ಲ, ಏನೂ ಇಲ್ಲ ರೇವಮ್ಮ. ನಿಮ್ಮಣ್ಣ ಆಕೀನ್ನ ಎದೀಗಿ ಅವಚ್ಕೊಂಡು ದಡಕ್ಕ ತರೋದು ನಂಗ ನೋಡಾಕ ಆಗ್ತಿದ್ದಿಲ್ಲ. ಅದಕ್ಕ ನಾನ ಜಿಗಿದೆ. ನೀರಿನೊಳಗಿಂದ ಹೋಗಿ ಎದ್ದು ನೋಡ್ತೇನಿ, ಅವರೂ ಅಲ್ಲೇ ಅದಾರ! ನಾ ಇಲ್ಲದಿದ್ರ ಏನಾಗ್ತಿತ್ತು ಹೇಳು."

"ಆಕಿ ಬದುಕ್ತಿದ್ಲು," ಎಂದೆ.

ಅವಳು ನನ್ನನ್ನು ಸುಡುವ ಹಾಗೆ ನೋಡಿದಳು. ಮನೆಗೆ ಹೋಗಿ ಗಂಡನನ್ನು ಕೇಳಿದಳಂತೆ, "ನೀವ್ಯಾಕ ಜಿಗಿದ್ರಿ?"

"ಜಿಗಿಬೇಕಾಗಿತ್ತು, ಜಿಗಿದೆ."

"ಯಾರ ಸಲುವಾಗಿ?"

"ಹೂಂ."

ಅಷ್ಟಕ್ಕೆ ಅವಳ ಸಹನೆ ಮುಗಿಯಿತು. ಮುಂದಿನ ಸಂತೆಯ ದಿನ ಸೀರೆ ಗಂಟು ಕಟ್ಟಿ ಹೊರಟು ನಿಂತಳು. ತವರಿಗೆ ಹೋಗುತ್ತೇನೆ, ಕರೆಯಲಿಕ್ಕೆ ಬರುವುದು ಬೇಡ ಎಂದಳು. ತವರಿಗೆ ಹೋಗಬೇಕಾದರೂ ಗಂಡನ ದೋಣಿಯನ್ನೇ ಹತ್ತಬೇಕು, ಅದು ಅವಳ ಕರ್ಮ. ನಾನು ಅಳುತ್ತ ಜೊತೆಗೆ ಹತ್ತಿದೆ. ಅಣ್ಣ ಅವಳ ಗಂಟು ನೋಡಿದ, ಅವಳ ಮುಖ ನೋಡಿದ, ಗಳ ಹಾಕಿದ. ಅವನ ಕೈ ಅಂದು ಸರಿಯಾಗಿ ನಡೆಯಲಿಲ್ಲ. ದೋಣಿ ಒಮ್ಮೆ ಆಚೆ, ಒಮ್ಮೆ ಈಚೆ ಎಳೆಯುತ್ತಿತ್ತು. ಆದರೆ ಬಾಯಿ ಬಿಡಲಿಲ್ಲ. ಇವನು ನನ್ನ ಒಡಹುಟ್ಟಿದವನು ಎಂದು ನನಗೆ ನಾಚಿಕೆಯಾಯಿತು.

ಸಾಬವ್ವನೂ ದೋಣಿಯಲ್ಲಿದ್ದಳು. ಅಂದು ಒಂದೇ ಗಡಿಗೆ ತಂದಿದ್ದಳು, ಬಾಯಿಗೆ ಬೇವಿನ ತಪ್ಪಲು. ಒಡೆದ ಗಡಿಗೆಗಳ ಜೊತೆಗೇ ಕಾಯಿದೆಯೂ ಹೊಳೆಪಾಲಾಗಿತ್ತು. ನಡುಹೊಳೆಗೆ ಬಂದಾಗ ಅವಳು ಕಂಚಿನ ಬಟ್ಟಲು ತೆಗೆದು ತುಂಬಿದಳು. ಒಂದನ್ನು ಹೊಳೆಗೆ ಸುರಿದಳು. ಇನ್ನೊಂದನ್ನು ತುಂಬಿಕೊಂಡು ಎದ್ದಳು. ನಿಂಬೆವ್ವ ಮುಖ ತಿರುಗಿಸಿದಳು. ಸಾಬವ್ವ ಅಣ್ಣನ ಕಡೆ ಹೋಗಲಿಲ್ಲ. ಮಂದಿಯನ್ನು ದಾಟಿಕೊಂಡು ಮುಂದಿನ ತುದಿಗೆ ಬಂದು ನಿಂಬೆವ್ವನ ಮುಂದೆ ಕುಳಿತು ಬಟ್ಟಲು ಚಾಚಿದಳು.

"ತಗೋ. ದಾಟಿಸಿದವರದು ಇದು. ನನ್ನ ದಾಟಿಸಿದಾಕಿ ನೀನು."

"ನಂಗ ಬ್ಯಾಡ. ಯಾರಿಗಿ ಕೊಡ್ತಿದ್ದಿ, ಅವರಿಗೇ ಕೊಡು. ಅವರೂ ಜಿಗಿದಾರಲ್ಲ ನಿನ್ನ ಸಲುವಾಗಿ."

ಸಾಬವ್ವ ಅವಳಿಗೂ ಪಕ್ಕದಲ್ಲಿದ್ದ ನನಗೂ ಮಾತ್ರ ಕೇಳಿಸುವಷ್ಟು ದನಿಯಲ್ಲಿ ಹೇಳಿದಳು.

"ನನ್ನ ಸಲುವಾಗಿ ಅಂದ್ಯಾ? ನಾ ಅವರ ಕಾಲ ಬುಡಕ ಬಿದ್ದಿದ್ದೆ. ಕೈ ಚಾಚಿದ್ರ ಸಿಗ್ತಿದ್ದೆ. ಹಿಡೀರಿ ಅಂತ ಒದರಿದೆ. ಬಾಗಿದ್ರು ಖರೆ. ಅಷ್ಟ್ರಾಗ ನೀ ಜಿಗಿದು ನೀರಾಗ ಮುಳುಗಿದಿ, ಮ್ಯಾಲ ಏಳಲಿಲ್ಲ. ನನ್ನ ಮುಖ ನೋಡಿದ್ರು, ನೋಡಿ ನನ್ನ ದಾಟಿ ಹೋದ್ರು. 'ನಿಂಬೀ, ನಿಂಬೀ' ಅಂತ ಹುಚ್ಚರಂಗ ಬಡ್ಕೋತ ನೀನು ಮುಳುಗಿದ ಕಡಿ ಹೋದ್ರು. ಬಾಯಾಗ ನೀರು ಹೊಕ್ಕರೂ ಒದರೋದು ಬಿಡ್ಲಿಲ್ಲ. ಮೀನಿನಂಗ ಈಜೋ ನಿನ್ನ ಸಲುವಾಗಿ! ನಾ ಮುಳುಗಾಕತ್ತಿದ್ದೆ."

ನಿಂಬೆವ್ವ ತಿರುಗಿ ಹಿಂದಿನ ತುದಿಯಲ್ಲಿದ್ದ ಗಂಡನನ್ನು ನೋಡಿದಳು.

"ಎಷ್ಟು ಸಂತಿ ಆತು, ತುಂಬಿದ ಬಟ್ಟಲ ಕೊಟ್ಟೆ," ಎಂದಳು ಸಾಬವ್ವ. "ಚಲೋ ಅದ ಅಂತಿದ್ರು. ಅದೊಂದು ಮಾತಿನ ಸಲುವಾಗಿ ನಾ ಹೊತ್ತು ಮೂಡೂಕ್ಕಿಂತ ಮೊದಲ ಎದ್ದು ಬನಕ್ಕ ಹೋಗಿ, ಚಲೋ ಗಿಡದ್ದು ಬ್ಯಾರೆ ಇಡ್ತಿದ್ದೆ. ಹೊಳಿಯಾಗ ಬಿದ್ದಾಗ ತಿಳೀತು, ಅದು ಬರೇ ಸೇಂದಿಗಿ ಅಂದಿದ್ದು. ನಿನ್ನ ಕಂಡ್ರ ನನ್ನ ಹೊಟ್ಟಿ ಉರಿತದ ನಿಂಬೆವ್ವ. ನೀನ ನನ್ನ ಜೀವ ಉಳಿಸೀದಿ, ಅದಕ್ಕ ಇನ್ನಷ್ಟು ಉರಿತದ. ಕುಡಿ ಇದನ್ನ. ಋಣ ಹರೀಲಿ."

ಹೊಟ್ಟೆಕಿಚ್ಚಿನ ವಿಷಯದಲ್ಲಿ ನನ್ನ ಅತ್ತಿಗೆಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಅದು ಹೇಗೆ ಹತ್ತುತ್ತದೆ, ಎಲ್ಲಿ ಸುಡುತ್ತದೆ, ಎಲ್ಲ ಅವಳಿಗೆ ಗೊತ್ತು. ಸಾಬವ್ವನ ಕಣ್ಣಲ್ಲಿ ಅದನ್ನೇ ಕಂಡು ಅವಳಿಗೆ ಮೊದಲು ಸಂತೋಷವಾಯಿತು, ಸುಳ್ಳೇಕೆ ಹೇಳಲಿ, ಮುಖ ಅರಳಿತು. ಆಮೇಲೆ ಅದೇ ಮುಖ ಸಣ್ಣದಾಯಿತು. ಬಟ್ಟಲು ತೆಗೆದುಕೊಂಡು ಅರ್ಧ ಕುಡಿದಳು. ತುಟಿ ಒರೆಸಿಕೊಂಡಳು.

"ಚಲೋ ಅದ," ಎಂದಳು, ಒಲ್ಲದ ಮನಸ್ಸಿನಿಂದ. "ಭಾಳ ಚಲೋ ಅದ, ನಿನ್ನ ಮನಿ ಹಾಳಾಗ್ಲಿ." ಉಳಿದ ಅರ್ಧವನ್ನು ಸಾಬವ್ವನ ಕೈಗೆ ಕೊಟ್ಟಳು. "ನೀನೂ ಕುಡಿ."

ಸಾಬವ್ವ ಕುಡಿದಳು. ಹಿಂದಿನಿಂದ ಅಣ್ಣ ಕತ್ತು ಚಾಚಿ ಚಾಚಿ ನೋಡುತ್ತಿದ್ದ. ಬಟ್ಟಲು ತನ್ನ ಕಡೆ ಬರಲಿಲ್ಲ, ಹೆಂಗಸರು ಏನು ಮಾತಾಡಿದರೋ ತಿಳಿಯಲಿಲ್ಲ.

"ನಂಗಿಲ್ಲೇನು ಅದರಾಗ?" ಎಂದ ಕೊನೆಗೆ.

"ಸುಮ್ನ ಗಳ ಹಾಕ್ರಿ," ಎಂದಳು ನಿಂಬೆವ್ವ. "ಅವತ್ತ ನೀವು ಯಾರನ್ನ ದಾಟಿಸೀರಿ?"

ಆಚೆ ದಡ ಬಂತು. ನಿಂಬೆವ್ವ ಹಗ್ಗ ಎಸೆದಳು. ಮಂದಿ ಇಳಿದರು, ಸಾಬವ್ವ ಗಡಿಗೆ ಹೊತ್ತು ಇಳಿದಳು, ನಾನೂ ಇಳಿದೆ. ನಿಂಬೆವ್ವ ಇಳಿಯಲಿಲ್ಲ. ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಹೊಳೆಯ ಕಡೆ ನೋಡುತ್ತ ಕುಳಿತೇ ಇದ್ದಳು. ಅಣ್ಣ ಗಳ ಊರಿ ನಿಂತಿದ್ದ.

"ಇಳಿಯಂಗಿಲ್ಲೇನು?"

"ದೋಣಿ ತಿರುಗಿಸ್ರಿ. ಒಲಿ ಮ್ಯಾಗ ಬ್ಯಾಳಿ ಇಟ್ಟು ಬಂದೇನಿ."

ಒಲೆಯ ಮೇಲೆ ಬೇಳೆಯೂ ಇರಲಿಲ್ಲ, ಒಲೆಯೂ ಹತ್ತಿರಲಿಲ್ಲ. ಅದು ಅಣ್ಣನಿಗೂ ಗೊತ್ತಿತ್ತು.

"ಚಲೋ ಆತು," ಎಂದ ಅಣ್ಣ.

ನಿಂಬೆವ್ವ ತಟ್ಟನೆ ತಿರುಗಿದಳು. "ಏನಂದ್ರಿ?"

"ಹೂಂ," ಎಂದ ಅವನು.

ಆದರೆ ದಡದ ಮೇಲಿದ್ದ ನಮಗೆ ಅದು ಸರಿಯಾಗಿಯೇ ಕೇಳಿಸಿತ್ತು. ಸಾಬವ್ವ ಗಡಿಗೆಯನ್ನು ತಲೆಯ ಮೇಲೆ ಸರಿಪಡಿಸಿಕೊಂಡಳು, ತಿರುಗಿ ನೋಡದೆ ದುಕಾನಿನ ದಾರಿ ಹಿಡಿದಳು.